ಅಜ್ಜನ ಫಿಯೆಟ್‌ಗೆ ಎಲ್ಲಿವರೆಗೆ ಕೈ ಹಾಕೋದು?

ಪ್ರಶ್ನೆ: ನಮ್ಮಜ್ಜ 1967ರಲ್ಲಿ ಕೊಂಡ ಫಿಯೆಟ್ 1100 ಹದಿನೆಂಟು ವರ್ಷದಿಂದ ಕಾಫಿ ಗೋಡೌನಿನಲ್ಲೇ ನಿಂತಿದೆ. ಅದರಲ್ಲಿ ಅಜ್ಜಿಯನ್ನು ಒಂದ್ಸಲ ಧರ್ಮಸ್ಥಳಕ್ಕೆ ಕರ್ಕೊಂಡು ಹೋಗೋ ಆಸೆ. ಪೇಂಟರ್ ‘ಪೂರ್ತಿ ಕೆರೆದು ಹೊಸ ಬಣ್ಣ ಹೊಡೆಯೋಣ’ ಅಂತಾರೆ. ಗೆಳೆಯ ‘ಡೀಸೆಲ್ ಎಂಜಿನ್ ಕೂರಿಸು’ ಅಂತಾನೆ. ಎಲ್ಲಿಗೆ ನಿಲ್ಲಿಸಲಿ ಸರ್?
– ಓದುಗ, ಮೂಡಿಗೆರೆ

ಉತ್ತರ: ಡೀಸೆಲ್ ಮಾತು ಬಿಟ್ಟುಬಿಡಿ. 50 ವರ್ಷ ದಾಟಿದ ಗಾಡಿಗಳ ವಿಂಟೇಜ್ ನೋಂದಣಿಗೆ 2021ರಲ್ಲಿ ನಿಯಮ ಬಂತು. ಚಾಸಿ (ಗಾಡಿಯ ಅಡಿಯ ಚೌಕಟ್ಟು), ಬಾಡಿ, ಎಂಜಿನ್ ಬದಲಿಸಿದ್ದರೆ ಅದು ಸಿಗೋದಿಲ್ಲ. ಸಿಕ್ಕಿದರೂ ಪ್ರದರ್ಶನ, ರ‍್ಯಾಲಿಯಂಥದ್ದಕ್ಕೆ ಮಾತ್ರ, ದಿನದ ಓಡಾಟಕ್ಕಿಲ್ಲ. ನಿಮಗೆ ಧರ್ಮಸ್ಥಳ ಮುಖ್ಯವಾದರೆ ಹಳೇ ಆರ್‌ಸಿ ನವೀಕರಣದ ಬಗ್ಗೆ ಮೊದಲು ಆರ್‌ಟಿಒದಲ್ಲಿ ಕೇಳಿ.

ದುಡ್ಡು ಸುರಿಯಬೇಕಾದ್ದು ಗಾಡಿಯ ಅಡಿಗೆ. ಜೀಪಿನ ಹಾಗೆ ಫಿಯೆಟ್‌ಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ನಿಮ್ಮೂರ ಮಳೆಯಲ್ಲಿ ತುಕ್ಕು ಮೊದಲು ತಿನ್ನೋದು ಬಾಗಿಲ ಕೆಳಗಿನ ತಗಡನ್ನ. ಸ್ಕ್ರೂಡ್ರೈವರ್ ಒತ್ತಿ ನೋಡಿ. ಟಣ್ ಅಂದರೆ ಬಚಾವು, ಟೀಯಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಒಳಗಿಳಿದರೆ ಕೆಲಸ ಇದೆ. ಜಾಕ್ ಏರಿಸಿ ಬಾಗಿಲು ತೆರೆದು ಮುಚ್ಚಿ ನೋಡಿ. ಬಿಗಿಯಾದರೆ ಗಾಡಿ ನಡುವಲ್ಲಿ ಬಗ್ಗುತ್ತಿದೆ. ಅಲ್ಲಿ ಪುಟ್ಟಿ ಮೆತ್ತಿಸಬೇಡಿ, ಹೊಸ ತಗಡು ವೆಲ್ಡ್ ಮಾಡಿಸಿ. ಬ್ರೇಕ್ ಪೈಪು, ಹೋಸು, ವೀಲ್ ಸಿಲಿಂಡರ್ ಎಲ್ಲ ಹೊಸದಾಗಲಿ. ವೈರಿಂಗೂ ಅಷ್ಟೆ, ಗೋಡೌನ್ ಇಲಿಗಳು ಬಿಟ್ಟಿರೋಲ್ಲ. ಎಂಜಿನ್ನಿಗೆ ಸೆಲ್ಫ್ ಹೊಡೆಯೋ ಮುಂಚೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನೊಳಗೆ ಸ್ವಲ್ಪ ಆಯಿಲ್ ಬಿಟ್ಟು, ಎರಡು ದಿನ ಕಳೆದು ಕೈಯಲ್ಲೇ ತಿರುಗಿಸಿ.

ಇನ್ನು ಬಣ್ಣ. ನೀವು ಕಳಿಸಿದ ಫೋಟೋದಲ್ಲಿ ಡ್ರೈವರ್ ಕಿಟಕಿಯ ಅಂಚಲ್ಲಿ ಗೇಣುದ್ದ ಬಣ್ಣ ಸವೆದು ತಗಡು ಕಾಣ್ತಿದೆ. ಅಜ್ಜ ಮೊಣಕೈ ಊರುತ್ತಿದ್ದ ಜಾಗ ಅಲ್ವಾ? ಹಾಸನದ ನನ್ನ ಗ್ಯಾರೇಜಿನಲ್ಲಿ ಒಬ್ಬರ ಅಂಬಾಸಿಡರ್‌ನಲ್ಲಿ ಇಂಥದ್ದೇ ಗುರುತನ್ನು ಉತ್ಸಾಹದಲ್ಲಿ ಉಜ್ಜಿ ಹೊಳೆಸಿದ್ದೆ. ಅವರು ದುಡ್ಡು ಕೊಟ್ಟು, ಒಂದು ಮಾತೂ ಆಡದೆ ಹೋದರು. ನೀವು ಆ ಗುರುತು ಅಳಿಸದೆ ತೊಳೆದು, ಪಾಲಿಶ್ ಕೊಟ್ಟು, ವೆಲ್ಡ್ ಆದ ಕಡೆ ಮಾತ್ರ ಬಣ್ಣ ಹೊಡೆಸಿ. ಪೇಂಟರ್ ಮುಖ ಊದಿಸ್ತಾರೆ, ಊದಿಸಲಿ.

ಚಾರ್ಮಾಡಿ ಘಾಟಿ ಇಳಿಯೋದು ಆಮೇಲೆ. ಮೊದಲು ಒಬ್ಬರೇ ಘಾಟಿ ಮೇಲಿನ ಕೊಟ್ಟಿಗೆಹಾರಕ್ಕೆ ನಾಲ್ಕು ಸಲ ಹೋಗಿ ಬನ್ನಿ. ಬಂದ ತಕ್ಷಣ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ. ಒಂದು ಮಾತ್ರ ಕಾವು ಹೊಡೆಯುತ್ತಿದ್ದರೆ ಅದರ ಬ್ರೇಕ್ ಕಚ್ಚಿಕೊಂಡಿದೆ. ಅಜ್ಜಿಯನ್ನು ಇನ್ನೂ ಕೂರಿಸಬೇಡಿ.