ಫುಟ್‌ಬಾಲ್ ವಿಶ್ವಕಪ್‌ಗೆ 48 ತಂಡ ಆಯ್ತು, ಈಗ 64 ಅಂತಿದ್ದಾರೆ. ಹೀಗೆ ಹೆಚ್ಚಿಸಿದರೆ ಆಟದ ಗುಣಮಟ್ಟ ಬೀಳುವುದಿಲ್ಲವೇ?

ಗುಣಮಟ್ಟ ಬಿಡ್ರಿ, ಅದು ಟಿವಿ ಮುಂದೆ ಕೂತವರ ಚಿಂತೆ. ಗುಂಪಿನ ಲೆಕ್ಕ ತಪ್ಪಿದರೆ ಏನಾಗುತ್ತೆ ಅಂತ ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ಕೇಳಿ. ನನ್ನ ಹೆಸರು ಹಿಡಿದು ಬೈಯುವವರು ಈಗಲೂ ಇದ್ದಾರೆ.

ಗೆಳೆಯರೆಲ್ಲ ಸೇರಿ ಬೇಸಿಗೆಯಲ್ಲಿ ಎಂಟು ತಂಡಗಳ ಟೂರ್ನಿ ನಡೆಸುತ್ತಿದ್ದೆವು. ಸಿರುಗುಪ್ಪ, ಸಂಡೂರು ಕಡೆಯವರೂ ಕೇಳಿದರು ಅಂತ ಹನ್ನೆರಡು ಮಾಡಿದೆವು. ನಾಲ್ಕು ತಂಡಗಳ ಮೂರು ಗುಂಪಾದರೆ ಲೀಗ್‌ಗೇ 18 ಪಂದ್ಯ. ಮೂರು ತಂಡಗಳ ನಾಲ್ಕು ಗುಂಪಾದರೆ 12. ಏಪ್ರಿಲ್ ಬಿಸಿಲಲ್ಲಿ ಸಂಜೆ ಬಿಟ್ಟು ಆಡಿಸೋಕಾಗಲ್ಲ, ಮೈದಾನ ಸಿಕ್ಕಿದ್ದೂ ಕೆಲವೇ ದಿನ. ನಾನು 12 ಅಂದೆ.

ಗುಂಪಿನಿಂದ ಮೊದಲಿಬ್ಬರು ಮುಂದೆ ಹೋಗಬೇಕು. ಮೂರರ ಗುಂಪಲ್ಲಿ ಕೊನೇ ಪಂದ್ಯದ ಹೊತ್ತಿಗೆ ಒಂದು ತಂಡದ ಆಟ ಮುಗಿದುಹೋಗಿರುತ್ತೆ. ನನಗಿದು ಹೊಳೆಯಲೇ ಇಲ್ಲ. ಸಿರುಗುಪ್ಪದವರು ಎರಡೂ ಪಂದ್ಯ 0-0 ಆಡಿ ಕೂತಿದ್ದರು. ಉಳಿದಿಬ್ಬರ ಹತ್ತಿರ ತಲಾ ಒಂದು ಪಾಯಿಂಟ್. ಅವರು 1-1 ಮಾಡಿಕೊಂಡರೆ ಮೂವರಿಗೂ ಎರಡೆರಡು ಪಾಯಿಂಟ್, ಆದರೆ ಗೋಲು ಹೊಡೆದವರು ಅವರಿಬ್ಬರೇ. ಸಿರುಗುಪ್ಪ ಹೊರಗೆ. ಮಧ್ಯಂತರಕ್ಕೆ ಮುಂಚೆಯೇ 1-1 ಆಯ್ತು. ಆಮೇಲೆ ಇಬ್ಬರೂ ಚೆಂಡನ್ನು ಹಿಂದಕ್ಕೇ ತಳ್ಳುತ್ತಾ ನಿಂತರು. ಆ ಇಬ್ಬರಲ್ಲಿ ಒಂದು ನಮ್ಮ ಓಣಿಯದೇ ತಂಡ! "ಎಲ್ಲಾ ಮೊದ್ಲೇ ಮಾತಾಡ್ಕೊಂಡಾರ" ಅಂದರು. ಯಾರೂ ಮಾತಾಡಿರಲಿಲ್ಲ, ಮಾತಾಡುವ ಅಗತ್ಯವೇ ಇರಲಿಲ್ಲ. ಜೆರ್ಸಿ ಕೊಡಿಸುತ್ತಿದ್ದ ಜೀನ್ಸ್ ಹೊಲಿಗೆ ಘಟಕದವರು ಮರುವರ್ಷ ಫೋನೇ ಎತ್ತಲಿಲ್ಲ. ಟೂರ್ನಿ ಅಲ್ಲಿಗೆ ನಿಂತಿತು.

1982ರ ವಿಶ್ವಕಪ್‌ನಲ್ಲೂ ಇದೇ ಆಟ. ಅಲ್ಜೀರಿಯಾದ ಪಂದ್ಯಗಳು ಹಿಂದಿನ ದಿನವೇ ಮುಗಿದಿದ್ದವು, ಅದೇ ಗುಂಪಿನ ಪಶ್ಚಿಮ ಜರ್ಮನಿ–ಆಸ್ಟ್ರಿಯಾ ಪಂದ್ಯ ಉಳಿದಿತ್ತು. ಪಶ್ಚಿಮ ಜರ್ಮನಿ ಹತ್ತನೇ ನಿಮಿಷಕ್ಕೆ ಗೋಲು ಹೊಡೆಯಿತು, 1-0 ಆದರೆ ತನಗೂ ಆಸ್ಟ್ರಿಯಾಕ್ಕೂ ದಾರಿ ಸಲೀಸು, ಮುಂದೆ ಆಟವೇ ಇಲ್ಲ. ಅಲ್ಜೀರಿಯಾ ಹೊರಗೆ. 1986ರಿಂದ ಗುಂಪಿನ ಕೊನೇ ಪಂದ್ಯಗಳು ಒಂದೇ ಸಮಯಕ್ಕೆ. ಇಷ್ಟಾದರೂ ಫಿಫಾ 2017ರಲ್ಲಿ 48 ತಂಡಕ್ಕೆ ಮೂರರ 16 ಗುಂಪು ಅಂತ ಹೊರಟಿತ್ತು! 2023ರಲ್ಲಿ ನಾಲ್ಕರ 12 ಗುಂಪಿಗೆ ಬಂತು, ಪಂದ್ಯಗಳು 80ರ ಬದಲು 104 ಆದವು.

ಅದರಲ್ಲೂ ಒಂದು ಕಿರಿಕಿರಿ ಉಳಿದಿದೆ. ಮೂರನೇ ಸ್ಥಾನದವರಲ್ಲಿ ಎಂಟು ತಂಡ ಮುಂದೆ ಹೋಗುತ್ತೆ. ತಡವಾಗಿ ಆಡುವ ಗುಂಪಿಗೆ ಎಷ್ಟು ಪಾಯಿಂಟ್ ಸಾಕು ಅಂತ ಮೊದಲೇ ಗೊತ್ತು. ಯುರೋಪಿನ ದೇಶಗಳ ಟೂರ್ನಿ, 24 ತಂಡಗಳ ಯೂರೊ 2016ರಲ್ಲಿ ಪೋರ್ಚುಗಲ್ ಮೂರೂ ಲೀಗ್ ಪಂದ್ಯ ಡ್ರಾ ಮಾಡಿ ಮೂರನೇ ಸ್ಥಾನದಿಂದ ಹೋಗಿ ಕಪ್ಪೇ ಎತ್ತಿತು. ಹಾಗಾಗಿ ನನ್ನ ಪ್ರಕಾರ 48ಕ್ಕಿಂತ 64 ವಾಸಿ: ನಾಲ್ಕರ 16 ಗುಂಪು, ಮೊದಲಿಬ್ಬರು ಮುಂದೆ, ಉಳಿದವರು ಮನೆಗೆ. 128 ಪಂದ್ಯ ಆಗುತ್ತೆ, ಆಗಲಿ.

ತಂಡ ಹೆಚ್ಚಾದರೆ ಭಾರತಕ್ಕೂ ಜಾಗ ಅಂತ ಕೆಲವರು ಅಂತಾರೆ. 2026ಕ್ಕೆ ಏಷ್ಯಾದ ನೇರ ಜಾಗ ಎಂಟಕ್ಕೆ ಏರಿದ್ದರೂ ನಾವು 2024ರಲ್ಲಿ ಗುವಾಹಟಿಯಲ್ಲಿ ಅಫ್ಘಾನಿಸ್ತಾನಕ್ಕೆ 1-2ರಿಂದ ಸೋತು, ಎರಡನೇ ಸುತ್ತಲ್ಲೇ ಹೊರಬಿದ್ದೆವು.