ಎಷ್ಟಾಗ್ತದ ಅಂತ ಮೊದಲು ಕೇಳಿದೆ

ಸಾಕಿದ ಬೆಕ್ಕು, ನಾಯಿ ತೀರಿಹೋಯಿತು ಅಂತ ಆಪ್ತಸಲಹೆಗೆ ಬರುವವರು ಕಲಬುರಗಿಯಲ್ಲೂ ಈಗ ಇದ್ದಾರೆ. ಈ ವರ್ಷ ನನ್ನ ಬಳಿ ಬಂದವರಲ್ಲಿ ಸುಮಾ ನಾಲ್ಕನೆಯವರು. ನಾಲ್ವರಲ್ಲೂ ನಾನು ಕಂಡಿದ್ದು ಒಂದೇ: ದುಃಖಕ್ಕಿಂತ ಜಾಸ್ತಿ, ತಪ್ಪು ಮಾಡಿಬಿಟ್ಟೆ ಎಂಬ ಕೊರಗು. ಆ ಕೊರಗಿನ ಬುಡದಲ್ಲಿ ದುಡ್ಡಿನ ಮಾತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ. ಹೆಸರು, ಗುರುತು ಸಿಗುವಂಥದ್ದೆಲ್ಲ ಬದಲಿಸಿದ್ದೇನೆ.

ಸುಮಾ ಅವರ ಮನೆಯಲ್ಲಿ ಎರಡು ಪರ್ಷಿಯನ್ ಬೆಕ್ಕುಗಳಿದ್ದವು. ಗಂಡು ಮೋತಿ, ಹೆಣ್ಣು ಮಲ್ಲಿ. ಮೇ ತಿಂಗಳ ಬಿಸಿಲು. ಮೋತಿ ಮರಳಿನ ಟ್ರೇಗೆ ಮತ್ತೆ ಮತ್ತೆ ಹೋಗಿ ಕೂರುತ್ತಿತ್ತು, ತಿಣುಕುತ್ತಿತ್ತು, ಕೂಗುತ್ತಿತ್ತು. ಮಲಬದ್ಧತೆ ಇರಬೇಕು ಅಂತ ಮನೆಯವರು ಹರಳೆಣ್ಣೆ ಕುಡಿಸಿದರು. ನಿಜಕ್ಕೂ ಕಟ್ಟಿದ್ದು ಮೂತ್ರ. ಗಂಡು ಬೆಕ್ಕಿನ ಮೂತ್ರನಾಳ ತೀರಾ ಸಣ್ಣದು. ಹರಳೋ ಲೋಳೆಯೋ ಅಡ್ಡ ಬಂದರೆ ಪೂರ್ತಿ ಮುಚ್ಚಿಹೋಗುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿ, ಒಂದೆರಡು ದಿನದಲ್ಲೇ ಹೃದಯ ನಿಲ್ಲಬಹುದು. ಮೂರನೇ ದಿನ ಬೆಳಿಗ್ಗೆ ಡಾಕ್ಟರ್ ಹತ್ತಿರ ಒಯ್ದರು. ನಳಿಗೆ ಹಾಕಬೇಕು, ಸಲೈನ್ ಕೊಡಬೇಕು, ಎರಡು ದಿನ ಇಟ್ಟುಕೊಳ್ಳಬೇಕು ಅಂದರು ಡಾಕ್ಟರ್. ಸುಮಾ ದುಡ್ಡು ಹೊಂದಿಸಿಕೊಂಡು ಬರಲು ಮನೆಗೆ ಹೋದರು. ಮಧ್ಯಾಹ್ನ ಮೋತಿ ಹೋಯಿತು.

ಮೊದಲ ದಿನ ಅವರು ಜಾಸ್ತಿ ಮಾತಾಡಿದ್ದು ಮಲ್ಲಿಯ ಬಗ್ಗೆಯೇ. ರಾತ್ರಿ ಮೂರು ಸಲ ಎದ್ದು ಟ್ರೇ ನೋಡುತ್ತಾರಂತೆ. ನಿದ್ದೆ ಇಲ್ಲ, ಗಂಡನ ಜೊತೆ ಮಾತಿಲ್ಲ. ಎರಡನೇ ಸಲ ಬಂದಾಗ, ಎದ್ದು ಹೋಗುವ ಹೊತ್ತಿಗೆ ಬಾಗಿಲ ಹತ್ತಿರ ನಿಂತು ಹೇಳಿದರು:

"ಮೇಡಂ, ನಾ ಡಾಕ್ಟರಿಗೆ ಮೊದಲು ಕೇಳಿದ್ದು ಎಷ್ಟಾಗ್ತದ ಅಂತ್ರಿ. ಉಳಿತದೇನು ಅಂತ ಕೇಳಲಿಲ್ರಿ."

ಮತ್ತೆ ಕೂರಿಸಿದೆ. ಮುಂದಿನವರಿಗೆ ಅರ್ಧ ಗಂಟೆ ಕಾಯಲು ಹೇಳಿದೆ.

ನಿಮ್ಮ ತಪ್ಪೇನೂ ಇಲ್ಲ ಅಂತ ನಾನು ಹೇಳಲಿಲ್ಲ. ಆ ಮಾತನ್ನು ಅವರಿಗೆ ಮನೆಯವರು, ಅಕ್ಕಪಕ್ಕದವರು ಎಲ್ಲ ಹೇಳಿಯಾಗಿತ್ತು. ಅದು ಅವರ ಕಿವಿಗೇ ಬೀಳುತ್ತಿರಲಿಲ್ಲ. ಅದರ ಬದಲು ಕೇಳಿದೆ: "ಆವಾಗ ನಿಮ್ಮ ಕೈಯಲ್ಲಿ ಎಷ್ಟಿತ್ತು?"

"4,300 ರೀ. ಅದೂ ಮಗಳ ಫೀಸಿಗೆ ಇಟ್ಟಿದ್ದು. ಡಾಕ್ಟರ್ 12,000 ಅಂದ್ರು. ಇನ್ಶೂರೆನ್ಸ್ ಇತ್ರಿ. ಆದ್ರ ಮೊದಲು ನಾವೇ ಕಟ್ಟಬೇಕು, ಆಮ್ಯಾಗ ಅವರು ಕೊಡ್ತಾರಂತ ಅಲ್ಲಿ ಹೋದ ಮ್ಯಾಲೇ ಗೊತ್ತಾತು."

ಕೈಯಲ್ಲಿ 4,300 ಇರುವವರು ಎಷ್ಟಾಗುತ್ತದೆ ಅಂತ ಕೇಳದೆ ಇನ್ನೇನು ಕೇಳಬೇಕು? ಎರಡು ದಿನ ಹೋಗಿದ್ದು ರೋಗ ಗೊತ್ತಾಗದೆ. ಅರ್ಧ ದಿನ ಹೋಗಿದ್ದು ದುಡ್ಡಿಗೆ. ಪ್ರೀತಿ ಕಡಿಮೆಯಾಗಿ ಒಂದು ನಿಮಿಷವೂ ಹೋಗಿಲ್ಲ. ಈ ಮೂರನ್ನೂ ಬಿಡಿಸಿ ಬಿಡಿಸಿ ಹೇಳಿದೆ.

ಅವರು ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: "ಅವ್ವನೂ ಹಿಂಗೇ ಕೇಳಿದ್ಳು ರೀ. ಅಪ್ಪನ್ನ ಸೊಲ್ಲಾಪುರಕ್ಕ ಒಯ್ದಾಗ. ಕೌಂಟರಿನಾಗ ನಿಂತು ಎಷ್ಟಾಗ್ತದ ಅಂದ್ಳು. ಹನ್ನೊಂದು ವರ್ಷ ಆಯ್ತು, ನಾ ಅದನ್ನ ಮರೆತಿಲ್ಲ."

ಆ ದಿನ ನಾನು ಕೊಟ್ಟ ಸಲಹೆ ಎರಡೇ. ಒಂದು, ಈ ವಾರದಲ್ಲಿ ಅವ್ವನಿಗೆ ಫೋನ್ ಮಾಡಿ ಮೋತಿಯ ವಿಷಯ ಹೇಳಿ. ಇನ್ನೊಂದು, ಮಲ್ಲಿಗೆ ಏನಾದರೂ ಆದರೆ ಎಷ್ಟರವರೆಗೆ ಖರ್ಚು ಮಾಡಬಲ್ಲಿರಿ, ಗಂಡ ಹೆಂಡತಿ ಕೂತು ಈಗಲೇ ಒಂದು ಅಂಕಿ ಬರೆದಿಡಿ.

ಈ ಎರಡನೇ ಸಲಹೆಗೆ ನನ್ನ ಸಹೋದ್ಯೋಗಿಯೊಬ್ಬರು ಬೇಸರ ಮಾಡಿಕೊಂಡರು. ಜೀವಕ್ಕೆ ಬೆಲೆ ಕಟ್ಟಿಸಿದಿರಿ ಅಂದರು. ನಾನು ಒಪ್ಪುವುದಿಲ್ಲ. ಆ ಅಂಕಿ ಬೆಕ್ಕಿನ ಬೆಲೆ ಅಲ್ಲ, ಮನೆಯ ಶಕ್ತಿ. ಅದನ್ನು ಸಮಾಧಾನದಲ್ಲಿ ಕೂತು ಲೆಕ್ಕ ಹಾಕದಿದ್ದರೆ, ಆಸ್ಪತ್ರೆಯಲ್ಲಿ ಅಳುತ್ತಾ ಹಾಕಬೇಕಾಗುತ್ತದೆ. ಹಾಗೆ ಹಾಕಿದ ಲೆಕ್ಕವೇ ಜನರನ್ನು ವರ್ಷಗಟ್ಟಲೆ ಕಾಡುತ್ತದೆ. ಈ ನಾಲ್ವರಲ್ಲಿ ಒಬ್ಬರು ಸಾಲ ಮಾಡಿ ಕೊನೆಯವರೆಗೂ ಚಿಕಿತ್ಸೆ ಕೊಡಿಸಿದ್ದರು. ಅವರಿಗೂ ಕೊರಗು ತಪ್ಪಲಿಲ್ಲ.

ವಿಮೆಯ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಪಾಲಿಸಿ ಇದೆ ಅಂತ ನಿಶ್ಚಿಂತೆಯಿಂದ ಇದ್ದವರೇ ನನ್ನ ಬಳಿ ಹೆಚ್ಚು ಅತ್ತಿದ್ದಾರೆ. ಬೆಕ್ಕಿನ ವಿಮೆಯಲ್ಲಿ ಸಾಮಾನ್ಯವಾಗಿ ಬಿಲ್ ನೀವು ಕಟ್ಟಿ, ಆಮೇಲೆ ವಾಪಸ್ ಕೇಳಬೇಕು. ಹಾಗಾಗಿ ಪಾಲಿಸಿ ಇದ್ದರೂ ಸ್ವಲ್ಪ ನಗದು ಬೇರೆ ಇಡಿ. ಪಾಲಿಸಿ ಮಾಡಿಸಿದ ಮೊದಲ ಕೆಲವು ವಾರ ಕಾಯಿಲೆಗೆ ದುಡ್ಡು ಬರುವುದಿಲ್ಲ. ಮೊದಲೇ ಇದ್ದ ರೋಗಕ್ಕೂ ಇಲ್ಲ. ಲಸಿಕೆ ತಪ್ಪಿಸಿದ್ದರೆ ಅದನ್ನೇ ಹಿಡಿದು ಕ್ಲೇಮ್ ನಿಲ್ಲಿಸಬಹುದು, ಅದಕ್ಕೆ ಲಸಿಕೆ ಪುಸ್ತಕ, ಬಿಲ್, ಬೆಕ್ಕಿನ ಫೋಟೋ ಒಂದೇ ಕಡೆ ಇಡಿ. ಪರ್ಷಿಯನ್ ತರುವವರು ಇನ್ನೂ ಒಂದು ನೋಡಬೇಕು. ಈ ತಳಿಯಲ್ಲಿ ಕಿಡ್ನಿಯಲ್ಲಿ ನೀರುಗುಳ್ಳೆ ಏಳುವ ರೋಗ ವಂಶದಿಂದ ಬರುತ್ತದೆ. ತಾಯಿ ತಂದೆಯಲ್ಲಿ ಒಂದಕ್ಕಿದ್ದರೂ ಮರಿಗೆ ಬರಬಹುದು. ವಂಶದ ರೋಗವನ್ನು ಎಷ್ಟೋ ಪಾಲಿಸಿಗಳು ಹೊರಗಿಡುತ್ತವೆ. ಮರಿ ಕೊಳ್ಳುವಾಗಲೇ ತಾಯಿ ತಂದೆಯ ಪರೀಕ್ಷೆ ಆಗಿದೆಯಾ ಅಂತ ಕೇಳಿ. ಮರಿ ಕೊಡುವವರು ಮುಖ ಸಿಂಡರಿಸಿದರೂ ಕೇಳಿ.

ಸುಮಾ ಅವರ ನಿದ್ದೆಗೆ ಮಾತ್ರ ಔಷಧವಾಗಿದ್ದು ಒಂದು ಸಣ್ಣ ಸಂಗತಿ. ಹೆಣ್ಣು ಬೆಕ್ಕಿನ ಮೂತ್ರನಾಳ ಅಗಲ, ಮೋತಿಗೆ ಆದ ಹಾಗೆ ಪೂರ್ತಿ ಕಟ್ಟುವುದು ತೀರಾ ಅಪರೂಪ. ಇದನ್ನು ನನ್ನ ಬಾಯಿಂದ ಕೇಳುವುದು ಬೇಡ, ಡಾಕ್ಟರನ್ನೇ ಕೇಳಿ ಅಂತ ಕಳಿಸಿದೆ. ಕೇಳಿ ಬಂದರು. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ ಟ್ರೇ ನೋಡುವುದು, ನಡುವೆ ಏಳುವುದಿಲ್ಲ ಅಂತ ಒಪ್ಪಿಕೊಂಡರು. ನೀರಿನ ಬಟ್ಟಲು ಎರಡು ಮೂರು ಕಡೆ ಇಟ್ಟಿದ್ದಾರೆ, ಬೆಕ್ಕಿನ ಒಣ ತಿನಿಸಿನ ಜೊತೆ ನೀರಿನಂಶ ಇರುವ ಮೆತ್ತನೆ ಆಹಾರವನ್ನೂ ಕೊಡುತ್ತಿದ್ದಾರೆ. ಚಪ್ಪಟೆ ಮುಖದ ಬೆಕ್ಕಿಗೆ ನಮ್ಮ ಬಿಸಿಲಲ್ಲಿ ಉಸಿರಾಡುವುದೇ ಕಷ್ಟ, ಅದಕ್ಕೆ ಮಧ್ಯಾಹ್ನ ಕೂಲರ್ ಇರುವ ಕೋಣೆ ಮಲ್ಲಿಯದು. ದಿನಾ ಕೂದಲು ಬಾಚುವ ಕೆಲಸ ಮಗಳದು. ನಾನು ಸೇರಿಸಿದ ಎಚ್ಚರಿಕೆ ಒಂದೇ: ನಮ್ಮ ಜ್ವರದ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಅರ್ಧ ಮಾತ್ರೆಯೂ ಬೇಡ.

ಮೂರನೇ ಸಲ ಗಂಡನೂ ಜೊತೆಗೆ ಬಂದಿದ್ದರು. ಚೀಟಿ ತೋರಿಸಿದರು. 15,000 ಅಂತ ಬರೆದು ಇಬ್ಬರೂ ಸಹಿ ಮಾಡಿದ್ದರು. ಅದಕ್ಕೂ ಜಾಸ್ತಿಯಾದರೆ ಬೀದರಿನ ಪಶುವೈದ್ಯ ಕಾಲೇಜಿಗೆ ಒಯ್ದು ಕೇಳುವುದು ಅಂತ ಕೆಳಗೆ ಬರೆದಿತ್ತು.

ಅವ್ವನಿಗೆ ಫೋನ್ ಮಾಡಿದಿರಾ ಅಂತ ಕೇಳಿದೆ.

"ಮಾಡಿದೆ ರೀ. ಎಲ್ಲಾ ಹೇಳಿದೆ, ಸೊಲ್ಲಾಪುರದ್ದೂ ಹೇಳಿದೆ. ಅವ್ವ ಅದಕ್ಕ ಏನೂ ಅನ್ನಲಿಲ್ರಿ. ಮೋತಿ ಯಾವ ಬಣ್ಣದ್ದಿತ್ತು ಅಂತ ಕೇಳಿದ್ಳು."