ಆರಿದ್ರಾ ನಕ್ಷತ್ರದ ಬೆಳಕನ್ನು ಬರಿಗಣ್ಣಿನಿಂದ ಅಳೆಯುವ ಬಗ್ಗೆ

ದೂರದರ್ಶಕ ಕೊಳ್ಳುವ ಅನುಕೂಲವಿಲ್ಲದ, ಭೌತಶಾಸ್ತ್ರ ಓದದ ಹವ್ಯಾಸಿಯು ಖಗೋಳದ ಹೊಸ ಸಂಗತಿಗಳನ್ನು ಸುದ್ದಿಯಲ್ಲಿ ಓದಿ ಸುಮ್ಮನಾಗಬೇಕೇ, ಇಲ್ಲವೇ ತಾನೂ ಉಪಯೋಗಕ್ಕೆ ಬರುವಂಥ ಕೆಲಸವನ್ನೇನಾದರೂ ಮಾಡಬಹುದೇ ಎಂದು ಕೇಳಿದ್ದೀರಿ. ಖಂಡಿತವಾಗಿಯೂ ಮಾಡಬಹುದು. ನಾನು ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನವನು, ಓದಿದ್ದು ಬಿ.ಎ.; 2019ರ ಚಳಿಗಾಲದಿಂದ ಒಂದೇ ಒಂದು ನಕ್ಷತ್ರದ ಬೆಳಕನ್ನು ಬರಿಗಣ್ಣಿನಿಂದ ಅಂದಾಜು ಮಾಡಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತ ಬಂದಿದ್ದೇನೆ.

ಆ ನಕ್ಷತ್ರದ ಹೆಸರು ನಮ್ಮ ಭಾಗದ ಪ್ರತಿಯೊಬ್ಬ ರೈತನ ಬಾಯಲ್ಲೂ ಇದೆ. ಮಿರಗದ ಮಳೆಯ ಹಿಂದೆಯೇ ಬರುವ ಆರಿದ್ರಾ ಮಳೆಯ ಆರಿದ್ರಾವೇ ಅದು. ಪಂಚಾಂಗದಲ್ಲಿ ಆರ್ದ್ರಾ, ಪಾಶ್ಚಾತ್ಯ ಖಗೋಳದಲ್ಲಿ ಬೀಟಲ್‌ಜ್ಯೂಸ್. ಆರಿದ್ರಾ ತಪ್ಪಿದರೆ ದರಿದ್ರ ಎಂದು ಪ್ರಾಸ ಹಾಕಿ ಹೇಳುತ್ತಿದ್ದ ನಮ್ಮ ಅಪ್ಪ ಆ ನಕ್ಷತ್ರವನ್ನು ಅದೆಂದು ಗುರುತಿಸಿ ಒಮ್ಮೆಯೂ ನೋಡಿರಲಿಲ್ಲ. ಅದಕ್ಕೆ ಕಾರಣವೂ ಇದೆ. ಮಳೆ ನಕ್ಷತ್ರವೆಂದರೆ ಸೂರ್ಯನು ಆ ನಕ್ಷತ್ರದ ಪಾಲಿಗೆ ಬಂದ ಆಕಾಶಭಾಗವನ್ನು ದಾಟುವ ಹದಿಮೂರು ಹದಿನಾಲ್ಕು ದಿನಗಳು. ಆದ್ದರಿಂದ ಜೂನ್ ಕೊನೆಯಲ್ಲಿ ಆರಿದ್ರಾ ಮಳೆ ಸುರಿಯುವಾಗ ಆರಿದ್ರಾ ನಕ್ಷತ್ರವು ಹಗಲಿಡೀ ನಮ್ಮ ತಲೆಯ ಮೇಲೆಯೇ ಇದ್ದರೂ ಸೂರ್ಯನ ಬೆಳಕಿನಲ್ಲಿ ಮುಳುಗಿರುತ್ತದೆ. ಆರು ತಿಂಗಳು ಕಳೆದು, ಹಿಂಗಾರಿನ ಬಿಳಿಜೋಳ ಹೊಲದಲ್ಲಿ ನಿಂತಿರುವ ಡಿಸೆಂಬರ್ ಮಧ್ಯದ ಹೊತ್ತಿಗೆ ಅದು ಸಂಜೆಯೇ ಪೂರ್ವದಲ್ಲಿ ಮೂಡುತ್ತದೆ: ಬೇಟೆಗಾರನ ಆಕಾರದ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನಡುಪಟ್ಟಿಯ ಮೂರು ನಕ್ಷತ್ರಗಳು ಒಂದರ ಮೇಲೊಂದು ನಿಂತಿರುತ್ತವೆ, ಅವುಗಳ ಎಡಕ್ಕೆ ಕೆಂಪಾಗಿ ಹೊಳೆಯುವುದೇ ಆರಿದ್ರಾ. ಅಪ್ಪನಿಗೆ ಅದನ್ನು ತೋರಿಸಿದ ಸಂಜೆ ನನಗೆ ಈ ಹವ್ಯಾಸದಲ್ಲಿ ಎಲ್ಲಕ್ಕಿಂತ ಪ್ರಿಯವಾದ ನೆನಪು.

ನಾನು ಬರೆಯಲು ತೊಡಗಿದ ಚಳಿಗಾಲದಲ್ಲೇ ಆ ನಕ್ಷತ್ರ ಕಂದತೊಡಗಿತು. ಸಾಮಾನ್ಯವಾಗಿ 0.5ರ ಆಸುಪಾಸಿನಲ್ಲಿರುವ ಅದರ ಕಾಂತಿಮಾನ, ಎಂದರೆ ಕಣ್ಣಿಗೆ ಕಾಣುವ ಬೆಳಕಿನ ಅಳತೆ, 2020ರ ಫೆಬ್ರವರಿಯಲ್ಲಿ 1.6ಕ್ಕೆ ಇಳಿಯಿತು. ಕಾಂತಿಮಾನದ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆಯಾಗುವುದರಿಂದ, ಬೆಳಕು ಮೊದಲಿನ ಮೂರನೇ ಒಂದು ಭಾಗಕ್ಕಿಂತ ತುಸುವೇ ಹೆಚ್ಚು ಉಳಿದಿತ್ತು ಎಂದರ್ಥ. ಮಹಾವ್ಯಾಧನ ಇನ್ನೊಂದು ಭುಜವಾದ ಬೆಲ್ಲಾಟ್ರಿಕ್ಸ್‌ಗೂ ಅದಕ್ಕೂ ವ್ಯತ್ಯಾಸವೇ ಕಾಣದೆ, ನನ್ನ ಕಣ್ಣನ್ನೇ ಅನುಮಾನಿಸಿ ಮೂರು ರಾತ್ರಿ ಮತ್ತೆ ಮತ್ತೆ ನೋಡಿದೆ. ನಕ್ಷತ್ರ ಸಿಡಿಯಲಿದೆ ಎಂಬ ಸುದ್ದಿ ಆಗ ಎಲ್ಲೆಡೆ ಹಬ್ಬಿತ್ತು. ಹಬಲ್ ದೂರದರ್ಶಕ ಮತ್ತು ಚಿಲಿಯ ಬೃಹತ್ ದೂರದರ್ಶಕಗಳ ವೀಕ್ಷಣೆಗಳಿಂದ ತಿಳಿದುಬಂದ ಸಂಗತಿ ಬೇರೆ: ನಕ್ಷತ್ರವು ತನ್ನ ಮೈಯಿಂದ ಹೊರಚೆಲ್ಲಿದ ದ್ರವ್ಯ ತಣ್ಣಗಾಗಿ ಧೂಳಾಗಿ, ಅದರ ದಕ್ಷಿಣ ಭಾಗವನ್ನು ನಮ್ಮ ಕಣ್ಣಿಗೆ ಮರೆಮಾಡಿತ್ತು. ಏಪ್ರಿಲ್ ಹೊತ್ತಿಗೆ ಬೆಳಕು ಮರಳಿತು.

ಅದೇ ವರ್ಷದ ಬೇಸಿಗೆಯ ನಂತರ ನಡೆದದ್ದು ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದದ್ದು. ಆರಿದ್ರಾ ಮಳೆಯ ದಿನಗಳಲ್ಲಿ ಭೂಮಿಯ ಮೇಲಿನ ಎಂಥ ವೀಕ್ಷಕನಿಗೂ ಆ ನಕ್ಷತ್ರವನ್ನು ನೋಡುವುದು ಕಷ್ಟ. ದಾಖಲೆಯಲ್ಲಿ ಪ್ರತಿವರ್ಷವೂ ಅಲ್ಲಿ ತೆರಪು ಬೀಳುತ್ತದೆ. 2020ರಲ್ಲಿ ಆ ತೆರಪನ್ನು ತುಂಬಲು, ಭೂಮಿಗಿಂತ ಬೇರೆ ಕೋನದಲ್ಲಿ ಸೂರ್ಯನನ್ನು ಸುತ್ತುತ್ತಿದ್ದ ನಾಸಾದ ಸ್ಟೀರಿಯೊ ನೌಕೆಯನ್ನೇ ತಿರುಗಿಸಿ ನೋಡಿದರು, ಮತ್ತು ನಕ್ಷತ್ರ ಪುನಃ ಮಂಕಾಗುತ್ತಿರುವುದು ಗೊತ್ತಾಯಿತು. ಒಂದೊಂದು ವಾರದ ಅಳತೆಗೂ ಎಷ್ಟು ಬೆಲೆಯಿದೆ ಎಂಬುದು ನನಗೆ ಮನವರಿಕೆಯಾದದ್ದು ಆಗ. ಅಮೆರಿಕದಲ್ಲಿ 1911ರಲ್ಲಿ ಸ್ಥಾಪನೆಯಾದ, ಎಎವಿಎಸ್ಒ ಎಂದು ಕರೆಯುವ ಸಂಘವೊಂದು ಬೆಳಕು ಬದಲಾಗುವ ನಕ್ಷತ್ರಗಳ ಅಂದಾಜುಗಳನ್ನು ಪ್ರಪಂಚದ ಎಲ್ಲ ಕಡೆಯ ಹವ್ಯಾಸಿಗಳಿಂದ ಸ್ವೀಕರಿಸುತ್ತದೆ, ವಿಜ್ಞಾನಿಗಳು ಅವನ್ನು ಬಳಸುತ್ತಾರೆ. ಸದಸ್ಯತ್ವ ಬೇಕಿಲ್ಲ, ಹೆಸರು ನೋಂದಾಯಿಸಿ ವೀಕ್ಷಕ ಸಂಕೇತವೊಂದನ್ನು ಪಡೆದರೆ ಸಾಕು.

ಅಂದಾಜು ಮಾಡುವ ಕ್ರಮ ಕಷ್ಟದ್ದಲ್ಲ, ಆದರೆ ಶಿಸ್ತು ಬೇಡುತ್ತದೆ. ಹೋಲಿಸಲು ಬಳಸುವ ನಕ್ಷತ್ರಗಳಲ್ಲಿ ಪ್ರೊಸಿಯಾನ್‌ನ ಕಾಂತಿಮಾನ 0.4, ರೋಹಿಣಿಯದು 0.9, ಪುನರ್ವಸುವಿನ ಜೋಡಿಯಲ್ಲಿ ಹೆಚ್ಚು ಬೆಳಗುವ ಪೋಲಕ್ಸ್‌ನದು 1.1. ಆರಿದ್ರಾ ಇವುಗಳಲ್ಲಿ ಯಾವ ಎರಡರ ನಡುವೆ, ಯಾವುದಕ್ಕೆ ಎಷ್ಟು ಹತ್ತಿರ ಎಂದು ನಿರ್ಧರಿಸಿ, ದಿನಾಂಕ ಮತ್ತು ಸಮಯದೊಂದಿಗೆ ಬರೆಯಬೇಕು. ದಿಗಂತದ ಬಳಿ ಗಾಳಿ ಮತ್ತು ಧೂಳು ಬೆಳಕನ್ನು ನುಂಗುವುದರಿಂದ ಹೋಲಿಸುವ ನಕ್ಷತ್ರಗಳೆಲ್ಲ ಚೆನ್ನಾಗಿ ಮೇಲೇರುವವರೆಗೆ ಕಾಯಬೇಕು. ಪ್ರೊಸಿಯಾನ್ ತಡವಾಗಿ ಹುಟ್ಟುವುದರಿಂದ ಡಿಸೆಂಬರಿನಲ್ಲಿ ಇದಕ್ಕಾಗಿ ರಾತ್ರಿ ಹತ್ತೂವರೆಯವರೆಗೆ ಎಚ್ಚರವಿರಬೇಕಾಗುತ್ತದೆ. ಕೆಂಪು ನಕ್ಷತ್ರವನ್ನು ದಿಟ್ಟಿಸಿದಷ್ಟೂ ಅದು ಹೆಚ್ಚು ಬೆಳಗಿದಂತೆ ತೋರುತ್ತದೆ, ಆದ್ದರಿಂದ ಕ್ಷಣನೋಟ ಹರಿಸಿ ಕಣ್ಣು ತೆಗೆಯಿರಿ. ಹಿಂದಿನ ವಾರ ಬರೆದ ಅಂಕಿಯನ್ನು ನೋಡಿಕೊಂಡು ಹೊರಗೆ ಹೋಗಬೇಡಿ, ಕಣ್ಣು ಅದನ್ನೇ ಕಾಣತೊಡಗುತ್ತದೆ. ಪಟ್ಟಣದ ಅಂಚಿನ ಕಾರ್ಖಾನೆಗಳ ಬೆಳಕು ಕೂಡ ಇದಕ್ಕೆ ಅಡ್ಡಿಯಲ್ಲ, ಏಕೆಂದರೆ ಇವೆಲ್ಲ ಆಕಾಶದ ಅತ್ಯಂತ ಪ್ರಕಾಶಮಾನವಾದ ನಕ್ಷತ್ರಗಳು.

ಈಗ ಹೊಸ ಸಂಗತಿ. ಆರಿದ್ರಾದ ಬೆಳಕು ಸುಮಾರು 400 ದಿನಗಳಿಗೊಮ್ಮೆ ಏರಿಳಿಯುತ್ತದೆ. ಅದರ ಜೊತೆಗೆ ಸುಮಾರು ಆರು ವರ್ಷಗಳ ಇನ್ನೊಂದು ಏರಿಳಿತವೂ ಇದೆ. ಈ ದೀರ್ಘ ಲಯಕ್ಕೆ ಆರಿದ್ರಾವನ್ನು ಸುತ್ತುವ ಸಂಗಾತಿ ನಕ್ಷತ್ರವೊಂದು ಕಾರಣವಿರಬೇಕೆಂದು 2024ರಲ್ಲಿ ಸಂಶೋಧಕರು ಲೆಕ್ಕ ಹಾಕಿದರು. ಆ ದೀರ್ಘ ಲಯ ಕಾಣಿಸಿಕೊಂಡದ್ದೇ ದಶಕಗಳ ಕಾಲ ಕೂಡಿಟ್ಟ ಕಾಂತಿಯ ದಾಖಲೆಗಳಿಂದ. 2025ರ ಜುಲೈನಲ್ಲಿ, ಹವಾಯಿಯ ಜೆಮಿನಿ ನಾರ್ತ್ ದೂರದರ್ಶಕದ ಚಿತ್ರಗಳಲ್ಲಿ ಆ ಸಂಗಾತಿ ಕಂಡಂತಿದೆ ಎಂಬ ವರದಿ ಬಂತು. ಸಂಕೇತ ಬಹಳ ಕ್ಷೀಣವಾದದ್ದು. ಇದನ್ನು ಸಿದ್ಧವಾದ ಸತ್ಯವೆಂದು ಬರೆದ ಶೀರ್ಷಿಕೆಗಳನ್ನು ನಾನು ಒಪ್ಪುವುದಿಲ್ಲ. ಸಂಗಾತಿ ಮತ್ತೆ ಆರಿದ್ರಾದಿಂದ ಅತಿ ದೂರ ಸರಿದು ಚೆನ್ನಾಗಿ ಕಾಣಬಹುದಾದದ್ದು 2027ರ ನವೆಂಬರಿನಲ್ಲಿ.

ಆ ತಿಂಗಳ ಮಧ್ಯದಲ್ಲಿ ಆರಿದ್ರಾ ನಮ್ಮಲ್ಲಿ ರಾತ್ರಿ ಎಂಟೂವರೆಯ ಸುಮಾರಿಗೆ ಹುಟ್ಟುತ್ತದೆ. ನೀವು ಈಗಲೇ ಆರಂಭಿಸಿದರೆ ಅಷ್ಟರೊಳಗೆ ನಿಮ್ಮ ಅಂದಾಜುಗಳು ಉಳಿದ ವೀಕ್ಷಕರ ಅಂದಾಜುಗಳಿಗೆ 0.2ರಷ್ಟು ಸಮೀಪಕ್ಕೆ ಬಂದಿರುತ್ತವೆ. ಮೊದಲ ತಿಂಗಳ ಅಂಕಿಗಳು ಹೊಂದದಿದ್ದರೆ ಅವನ್ನು ಹೊಡೆದುಹಾಕದೆ ಹಾಗೆಯೇ ಉಳಿಸಿಕೊಳ್ಳಿ. ನಿಮ್ಮ ಕಣ್ಣು ಯಾವ ಕಡೆಗೆ ವಾಲುತ್ತದೆ ಎಂದು ಅವೇ ತಿಳಿಸುತ್ತವೆ.